ಮಾತು ಬಾರದ ಮಗುವಿಗೂ ಕಾಯಕವುಂಟು



ನಮ್ಮಲ್ಲಿ ಎಳೆಯ ಕೂಸಿಗೇ ಲಿಂಗಧಾರಣೆ ಮಾಡಿಸುತ್ತೇವೆ. ಈ ಮಗು ಮುಂದೆ ಮಾತನಾಡೀತೇ, ಲೆಕ್ಕ ಕಲಿತೀತೇ ಎಂದು ಗುರುಗಳು ಪರೀಕ್ಷೆ ಮಾಡುವುದಿಲ್ಲ. ಲಿಂಗ ಕೊಡುವಾಗ ಇಲ್ಲದ ಭೇದ ವಿದ್ಯೆ ಕೊಡುವಾಗ ಏಕೆ ಬರಬೇಕು?

ಆದರೂ ಬರುತ್ತಿದೆ. ಹೆಸರು ಹಿಡಿದು ಕರೆದರೂ ಮಗು ತಿರುಗುವುದಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಬಂದಿದ್ದ ನಾಲ್ಕು ಮಾತೂ ನಿಂತುಹೋದವು ಎಂದು ತಾಯಿ ಹೇಳಿದರೆ, "ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅದಕ್ಕೇ ತಡ, ತಾನಾಗಿ ಬರುತ್ತದೆ ಬಿಡಮ್ಮ" ಎನ್ನುತ್ತಾರೆ ಹಿರಿಯರು. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಅದು ಹೆತ್ತವರ ಪಾಪದ ಫಲವಲ್ಲ, ತಾಯಿ ಸಾಕಿದ ರೀತಿಯ ದೋಷವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ. ಅದನ್ನು ಇಲ್ಲವಾಗಿಸುವ ಔಷಧಿಯಿಲ್ಲ. ಬೇಗ ಗುರುತಿಸಿ ಕಲಿಸಿದರೆ ಮಗು ತನ್ನ ಶಕ್ತಿಯಿದ್ದಷ್ಟು ಕಲಿಯುತ್ತದೆ. ಹದ ತಪ್ಪಿ ಬಿತ್ತಿದರೆ ಏನಾಗುತ್ತದೆಂದು ರೈತರಿಗೆ ಹೇಳಬೇಕಾಗಿಲ್ಲ. ತಡವಾಯಿತೆಂದು ಹೊಲವನ್ನು ಬೀಳು ಬಿಡುವುದೂ ಸಲ್ಲದು.

ಈ ಮಕ್ಕಳಿಗೆ ಕಲಿಸುವ ಬಗೆ ಬೇರೆ. ಕೈ ತೊಳೆಯುವುದನ್ನೇ ನಲ್ಲಿ ತಿರುಗಿಸು, ಸೋಪು ಹಚ್ಚು, ಉಜ್ಜು, ತೊಳೆ, ಒರೆಸು ಎಂದು ಬಿಡಿಬಿಡಿಯಾಗಿ, ಚಿತ್ರ ತೋರಿಸಿ, ದಿನವೂ ಅದೇ ಕ್ರಮದಲ್ಲಿ ಹೇಳಿಕೊಡುತ್ತಾರೆ. ಒಂದೊಂದು ಮಗುವಿಗೂ ಪ್ರತ್ಯೇಕ ಪಾಠದ ಯೋಜನೆ. ಮುಂದೆ ನಾಣ್ಯ ಎಣಿಸುವುದು, ತೂಕ ಮಾಡುವುದು, ಪೊಟ್ಟಣ ಕಟ್ಟುವುದು.

ಶರವಣಂಪಟ್ಟಿಯ ಪಕ್ಕದ ಚಿನ್ನವೇದಂಪಟ್ಟಿಯಲ್ಲಿ ಮುರುಗನ ಭಕ್ತರ ಕೌಮಾರ ಮಡಾಲಯವಿದೆ. ಅದರ ಆವರಣದಲ್ಲೇ ಕೌಮಾರಂ ಪ್ರಶಾಂತಿ ಅಕಾಡೆಮಿ ಎಂಬ ಶಾಲೆ ಇಂಥ ಮಕ್ಕಳಿಗಾಗಿ ನಡೆಯುತ್ತಿದೆ. ಅನ್ನ, ಅಕ್ಷರಗಳ ದಾಸೋಹ ನಮ್ಮದೆಂದು ಹೇಳುವ ನಾವು ಒಮ್ಮೆ ಹೋಗಿ ನೋಡಿ ಬರಬೇಕು. ಕನ್ನಡದಲ್ಲೇ ತಪಾಸಣೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಇದು ಯಾರ ಕೃಪೆಯೂ ಅಲ್ಲ, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಗೆ ಪ್ರಮಾಣಪತ್ರವಿದ್ದರೆ, 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯಬಹುದು. ನಮ್ಮ ನಂತರ ಇವನ ಗತಿಯೇನು, ಇವನ ಪಾಲಿನ ಜಮೀನು ನೋಡುವವರಾರು ಎಂಬ ಚಿಂತೆಗೂ ದಾರಿಯಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, 18 ದಾಟಿದವರಿಗೆ ಕಾನೂನುಬದ್ಧ ಪೋಷಕರನ್ನು ಜಿಲ್ಲಾ ಮಟ್ಟದ ಸಮಿತಿ ನೇಮಿಸುತ್ತದೆ.

ಭಕ್ತಾದಿಗಳಲ್ಲಿ ಎರಡೇ ಬಿನ್ನಹ. ನೆಂಟರ ಕಣ್ಣಿಗೆ ಬೀಳದಿರಲೆಂದು ಮಗುವನ್ನು ಒಳಕೋಣೆಯಲ್ಲಿ ಕೂಡಿಸಬೇಡಿ. ಮಠದ ಪಂಕ್ತಿಗೆ ಕರೆತನ್ನಿ. ಅದು ಕೂಗಿದರೆ, ಕುಣಿದರೆ ಪಕ್ಕದವರು ಮುಖ ತಿರುಗಿಸಬೇಡಿ. ವ್ಯಾಪಾರಿಗಳು ಕಲಿತು ಬಂದ ಒಬ್ಬ ಹುಡುಗನಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸ ಕೊಡಿ, ಸರಿಯಾದ ಕೂಲಿಯನ್ನೂ ಕೊಡಿ. ಕಾಯಕದಲ್ಲಿ ಮೇಲುಕೀಳಿಲ್ಲ ಎಂಬ ಮಾತು ಅಲ್ಲಿ ನಿಜವಾಗಲಿ.



– ಕಾರ್ಯದರ್ಶಿ, ಶ್ರೀಮಠ