ದಾರಿ ತೋರುವ ಕಾರ್ಡು

7.5 ಸೆಂ.ಮೀ. ಎತ್ತರ, 12.5 ಸೆಂ.ಮೀ. ಅಗಲ. ಗ್ರಂಥಾಲಯ ಎಷ್ಟೇ ದೊಡ್ಡದಿರಲಿ, ಅದರ ನೆನಪೆಲ್ಲ ಈ ಅಳತೆಯ ಕ್ಯಾಟಲಾಗ್ ಕಾರ್ಡುಗಳಲ್ಲಿ ಕೂರುತ್ತಿತ್ತು.

*

ಕಾರ್ಡಿನ ಕೆಳಗೊಂದು ತೂತು, ಅದರೊಳಗೆ ಹಾಯುವ ಕಂಬಿ. ಓದುಗರು ಕಾರ್ಡನ್ನು ತಿರುವಬಹುದು, ಕೀಳಲಾಗದು. ಎಲ್ಲರಿಗೂ ತೆರೆದಿಟ್ಟೂ ಕಾಪಾಡಬಹುದೆಂದು ಅದು ತೋರಿಸಿಕೊಟ್ಟಿತು.

*

ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಡಿಆರ್‌ಟಿಸಿ ಈಗ ಕೆಂಗೇರಿ ದಾರಿಯಲ್ಲಿ, ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. ಕಾರ್ಡು ಬರೆಯುವುದನ್ನು ಶಾಸ್ತ್ರವಾಗಿಸಿದವರ ಕೇಂದ್ರ ಇಂದು ಕಂಪ್ಯೂಟರಿನ ಹುಡುಕಾಟವನ್ನೂ ಕಲಿಸುತ್ತದೆ. 1931ರ ಅವರ ಗ್ರಂಥಾಲಯ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಲು ಹೇಳುತ್ತದೆ. ಪರದೆ ಆ ಕೆಲಸ ಮಾಡುವುದಾದರೆ ಕಾರ್ಡು ಜಾಗ ಬಿಡಲಿ.

*

ಆದರೆ ಮಾಡುತ್ತದೆಯೇ?

*

ನಮ್ಮ ಎಷ್ಟೋ ಲೇಖಕರಿಗೆ ಎರಡು ಹೆಸರು. ‘ತ್ರಿವೇಣಿ’ ಎಂದು ಹುಡುಕಿದರೂ ‘ಅನಸೂಯಾ ಶಂಕರ್’ ಎಂದು ಹುಡುಕಿದರೂ ‘ಬೆಕ್ಕಿನ ಕಣ್ಣು’ ಸಿಗಬೇಕು. ‘ಶ್ರೀನಿವಾಸ’ರನ್ನು ಕೇಳಿದವರು ಮಾಸ್ತಿಯವರನ್ನು ತಲುಪಬೇಕು. ಅದಕ್ಕೆಂದೇ ಗ್ರಂಥಪಾಲಕರು ಇನ್ನೊಂದು ಕಾರ್ಡು ಬರೆದು, ಅದರ ಮೇಲೆ ‘ನೋಡಿ’ ಎಂದು ಹಾಕಿ ಸರಿಯಾದ ಹೆಸರಿನತ್ತ ಕಳಿಸುತ್ತಿದ್ದರು. ಅದರ ಹಿಂದೆ ಪುಸ್ತಕವಿಲ್ಲ, ಓದಿಕೊಂಡವರೊಬ್ಬರ ತಿಳಿವಳಿಕೆ ಇದೆ. ಪುಸ್ತಕಗಳನ್ನಷ್ಟೇ ಎಣಿಸಿ ಡೇಟಾ ಎಂಟ್ರಿ ಮಾಡಿಸಿದರೆ ಮೊದಲು ಕಳೆದುಹೋಗುವುದು ಅದೇ.

*

ಕನ್ನಡ ಪುಸ್ತಕದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಷ್ಟೇ ತುಂಬಿದರೆ ಲ–ಳ, ನ–ಣ ಒಂದಾಗಿಬಿಡುತ್ತವೆ. ಹ್ರಸ್ವ, ದೀರ್ಘ ಅಳಿಸಿಹೋಗುತ್ತವೆ. ಅಂಥ ಪಟ್ಟಿಯಲ್ಲಿ ‘ಮರಳಿ ಮಣ್ಣಿಗೆ’ ಎಂದು ಕನ್ನಡದಲ್ಲೇ ಟೈಪ್ ಮಾಡುವ ಹುಡುಗಿಗೆ ಪರದೆ ‘ಇಲ್ಲ’ ಎನ್ನುತ್ತದೆ. ಪುಸ್ತಕ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತದೆ. ಕೈಬರಹದ ಕಾರ್ಡು ಅವಳಿಗೆ ಹೀಗೆ ಹೇಳುತ್ತಿರಲಿಲ್ಲ.

*

ಅಮೆರಿಕದ ಓಸಿಎಲ್‌ಸಿ ಸಂಸ್ಥೆ ಗ್ರಂಥಾಲಯಗಳಿಗೆಂದು ಕೊನೆಯ ಕಾರ್ಡುಗಳನ್ನು ಅಚ್ಚು ಹಾಕಿದ್ದು 2015ರ ಅಕ್ಟೋಬರಿನಲ್ಲಿ. ಅಲ್ಲಿ ಬೀಳ್ಕೊಡಲು ಒಂದು ದಿನವಾದರೂ ಇತ್ತು. ಇಲ್ಲಿ ಕಾರ್ಡು ರದ್ದಿಗೆ ಹೋದ ದಿನವನ್ನು ಯಾರೂ ಬರೆದಿಡುವುದಿಲ್ಲ.

*

ಕಾರ್ಡುಗಳಿದ್ದ ಡ್ರಾಯರಿನ ಮರಕ್ಕಾಗಿ ನಾನು ಮರುಗುವುದಿಲ್ಲ. ಅದರಲ್ಲಿ ಮೊಳೆ, ಗುಂಡಿ, ಬಿತ್ತನೆ ಬೀಜ ಏನನ್ನಾದರೂ ಇಡಲಿ, ಚೆನ್ನಾಗಿ ಬಾಳುತ್ತದೆ.

*

ಯಾವ ಶಾಲೆ, ಕಾಲೇಜು, ಸಂಘದ ಮೂಲೆಯಲ್ಲೇ ಆಗಲಿ ಇಂಥ ಡ್ರಾಯರು ಉಳಿದಿದ್ದರೆ, ಮಾರುವ ಮೊದಲು ಕಾರ್ಡುಗಳ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿಸಿ. ಪೆನ್ಸಿಲ್ ಟಿಪ್ಪಣಿಗಳನ್ನು ಬಿಡಬೇಡಿ. ಅವನ್ನು ಬರೆದ ನಿವೃತ್ತ ಗ್ರಂಥಪಾಲಕರು ಹತ್ತಿರದಲ್ಲಿದ್ದರೆ ಗೌರವಧನ ಕೊಟ್ಟು ಕರೆಸಿ, ‘ನೋಡಿ’ ಕಾರ್ಡುಗಳನ್ನು ಅವರ ಪಕ್ಕದಲ್ಲೇ ಕೂತು ಕಂಪ್ಯೂಟರಿಗೆ ಸೇರಿಸಿ.