ತಾರೆಯರ ದಾನ, ಮಂಟೇಸ್ವಾಮಿಯ ಪರೀಕ್ಷೆ

ಚಿಕ್ಕಲ್ಲೂರು ಜಾತ್ರೆಗೆ ಬರುವ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಕಲ್ಯಾಣದ ಪ್ರಸಂಗವೊಂದಿದೆ. ಬಸವಣ್ಣನ ಮಹಾಮನೆಯಲ್ಲಿ ಸಾವಿರಾರು ಜಂಗಮರಿಗೆ ನಿತ್ಯ ದಾಸೋಹ. ಅಲ್ಲಿಗೆ ಮಂಟೇಸ್ವಾಮಿ ಮೈತುಂಬ ಕೊಳೆ, ನಾತ ಹೊತ್ತು ಬರುತ್ತಾನೆ, ಬಾಗಿಲಲ್ಲಿದ್ದವರು ಅಟ್ಟುತ್ತಾರೆ. ಅನ್ನಕ್ಕೆ ಅಲ್ಲಿ ಬರವಿರಲಿಲ್ಲ. ಆದರೂ ಸಹಿಸಿಕೊಳ್ಳಲು ಕಷ್ಟವಾದ ಒಬ್ಬನಿಗೆ ಎಡೆ ಸಿಗಲಿಲ್ಲ. ದಾಸೋಹದ ಬೆಲೆಯನ್ನು ಬಾಗಿಲಲ್ಲೇ ನಿಲ್ಲಬೇಕಾದವನನ್ನು ನೋಡಿ ಕಟ್ಟಬೇಕು ಎನ್ನುತ್ತದೆ ಕಥೆ. ಹೆಸರಾಂತರು ಶಾಲೆಗಳನ್ನು ದತ್ತು ಪಡೆಯುವ ಈ ಕಾಲದಲ್ಲಿ ಅವರ ದಾನವನ್ನೂ ಇದೇ ಅಳತೆಯಲ್ಲಿ ಅಳೆಯಬೇಕು ಎಂಬುದು ನನ್ನ ವಾದ.

ನಟ ರಿಷಬ್ ಶೆಟ್ಟಿ ದಕ್ಷಿಣ ಕನ್ನಡದ ಕೈರಂಗಳದ ಕನ್ನಡ ಶಾಲೆಯ ಹೊಣೆಗೆ ಮುಂದಾದರು. ನಟ ಸುದೀಪ್ ಹೆಸರಿನ ಸಂಸ್ಥೆ ಚಿತ್ರದುರ್ಗ ಜಿಲ್ಲೆಯ ಕೆಲವು ಸರ್ಕಾರಿ ಶಾಲೆಗಳನ್ನು ದತ್ತು ಪಡೆಯಿತು. ಇದನ್ನು ಪ್ರಚಾರದ ಹಂಬಲ ಎಂದು ತಳ್ಳಿಹಾಕುವುದು ಅನ್ಯಾಯ. ಸೋರುವ ಸೂರಿನಡಿ ಕುಳಿತ ಮಗುವಿಗೆ ಹೆಂಚು ಹೊದಿಸಿದವರ ಒಳಮನಸ್ಸಿನ ಲೆಕ್ಕ ಬೇಕಿಲ್ಲ. ಆದರೆ ಸೋರುವ ಸೂರು ಎಲ್ಲರ ಕಣ್ಣಿಗೂ ಬೀಳುತ್ತದೆ, ಶಾಲೆಯಿಂದ ಜಾರಿಹೋಗುವ ಮಗು ಬೀಳುವುದಿಲ್ಲ. ಹನೂರು ತಾಲ್ಲೂಕಿನ ಕಾಡೊಳಗಿನ ಪೋಡಿನಿಂದ, ಅಂದರೆ ಸೋಲಿಗ ಬುಡಕಟ್ಟಿನ ಹಾಡಿಯಿಂದ, ಬಂದ ಹುಡುಗ ಜೂನ್‌ನಲ್ಲಿ ಆಶ್ರಮ ಶಾಲೆ ಸೇರುತ್ತಾನೆ. ಹಬ್ಬಕ್ಕೆಂದು ಮನೆಗೆ ಹೋದವನು ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೂಲಿಗೆ ನಡೆದುಬಿಡುತ್ತಾನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ವಾರಗಟ್ಟಲೆ ಗೈರು. ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಅವನು ಹಿಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿ ಕೂರುತ್ತಾನೆ, ಮೇಷ್ಟರು ಅವನನ್ನು ಪುಂಡ ಎನ್ನುತ್ತಾರೆ. ಬಾಗಿಲಲ್ಲಿ ನಿಂತವನು ಇವನೇ. ಹೊಸ ಬಣ್ಣ ಬಳಿದ ಗೋಡೆ ಇವನನ್ನು ಹಿಡಿದಿಡಲಾರದು.

ಹಿಡಿದಿಡುವುದು ಏನು ಎಂಬುದಕ್ಕೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಸಾಕ್ಷಿ. ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ವೈದ್ಯರಾಗಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಚಿಕಿತ್ಸೆಯ ಬೆನ್ನಿಗೇ ಶಾಲೆ ಬಂತು; ಸೋಲಿಗರ ಕಾಡಿನ ತಿಳಿವಳಿಕೆಗೂ ಅಲ್ಲಿ ಪಾಠದ ಮರ್ಯಾದೆ ಸಿಕ್ಕಿತು. ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರಿಗೆ ಸಂದದ್ದು 1994ರಲ್ಲಿ. ಹದಿಮೂರು ವರ್ಷ ಕೆಲಸ ಮುಂದೆ, ಹೆಸರು ಹಿಂದೆ. ತಾರೆಯ ಸ್ಥಿತಿ ಇದಕ್ಕೆ ತಿರುವುಮುರುವು: ಹೆಸರು ಮೊದಲೇ ಬಂದು ಕುಳಿತಿರುತ್ತದೆ. ಕಥೆಯ ಬಸವಣ್ಣನಿಗೂ ಹಾಗೆಯೇ ಇತ್ತು. ಆದರೆ ಅವನು ತನ್ನ ಹಿರಿಮೆಯನ್ನು ಬದಿಗಿಟ್ಟು ತಾನೇ ಆ ಕೊಳಕು ಜಂಗಮನ ಬಳಿಗೆ ಹೋದ.

ಹೆಸರಿಗೆ ಶಕ್ತಿಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣುಗಳು ದಾನವಾದಾಗ, ನೇತ್ರದಾನಕ್ಕೆ ಜನ ತಾವಾಗಿ ಮುಂದೆ ಬಂದರು. ಆದರೆ ನೇತ್ರದಾನದ ನಿರ್ಧಾರ ಒಮ್ಮೆ ಮಾಡಿದರೆ ಮುಗಿಯಿತು. ಮಗುವನ್ನು ಓದಿಸುವ ನಿರ್ಧಾರವನ್ನು ಬೆಳಗಾದರೆ ಹೊಸದಾಗಿ ಮಾಡಬೇಕು. ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: 2010ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು, ಹಾಗಿರುವಾಗ ದಾನಿಯ ಮುಂದೆ ಏಕೆ ಕೈಮುಗಿಯಬೇಕು? ಮುಗಿಯಬೇಕಿಲ್ಲ. ಶಿಕ್ಷಕರ ಹುದ್ದೆ ತುಂಬುವುದು, ಕಾಡೂರಿನ ಮಕ್ಕಳಿಗೆ ವಾಹನ ಒದಗಿಸುವುದು ಸರ್ಕಾರದ ಹೊಣೆ. ಯಾವ ನಟನ ಔದಾರ್ಯವೂ ಅದರಿಂದ ನುಣುಚಿಕೊಳ್ಳಲು ನೆಪವಾಗಬಾರದು. ಆದರೆ ಮುನಿದ ಮಗುವಿನ ಜೊತೆ ಕೂರುವ ತಾಳ್ಮೆಯನ್ನು ಸುತ್ತೋಲೆಯಿಂದ ತರಿಸಲಾಗದು. ಹೆಸರಾಂತರಿಗೆ ಜಾಗವಿರುವುದು ಅಲ್ಲಿ.

ಆ ಜಾಗ ತುಂಬಲು ಸಾಧ್ಯವೆಂದು ತೋರಿಸಿದ್ದೂ ಹನೂರು, ಯಳಂದೂರಿನ ಈ ಸೀಮೆಯ ನಂಟಿರುವ ಪುನೀತ್ ಅವರ ಕುಟುಂಬವೇ. ಇಲ್ಲಿನ ಸಿಂಗಾನಲ್ಲೂರು ಎಂಬ ಊರನ್ನು ಹೆಸರಿನಲ್ಲೇ ಹೊತ್ತ ರಾಜ್‌ಕುಮಾರ್ ಅವರ ಓದು ಎಳವೆಯಲ್ಲೇ ನಿಂತಿತ್ತು. ಆದರೆ ಅವರ ಪತ್ನಿ ಪಾರ್ವತಮ್ಮ ರಾಜ್‌ಕುಮಾರ್ ಮುಂದೆ ನಿಂತು ಬೆಳೆಸಿದ ಮೈಸೂರಿನ ಶಕ್ತಿಧಾಮ, ನೊಂದ ಹೆಣ್ಣುಮಕ್ಕಳಿಗೆ ಆಸರೆಯನ್ನೂ ಓದನ್ನೂ ಕೊಡುತ್ತಾ ಬಂದಿದೆ. ಅವರ ಕಾಲದ ನಂತರವೂ ಮನೆಯವರು ಕೈಬಿಟ್ಟಿಲ್ಲ. ಹಾಗಾಗಿ ಹನೂರಿನ ಶಾಲೆಯೊಂದಕ್ಕೆ ಕೈಹಾಕುವ ತಾರೆ ಉದ್ಘಾಟನೆಗೆ ಬರದಿದ್ದರೂ ನಡೆದೀತು. ಜೂನ್‌ನಲ್ಲಿ ದಾಖಲಾದ ಮಕ್ಕಳ ಪಟ್ಟಿ ಹಿಡಿದು ಮಾರ್ಚ್‌ನಲ್ಲಿ ಬರಲಿ, ಕಾಣದ ಹೆಸರುಗಳ ಬಗ್ಗೆ ವಿಚಾರಿಸಲಿ, ಮುಂದಿನ ವರ್ಷವೂ ಬರಲಿ.