ಅರಿಯದೆ ಮಾಡಿದ ಉಪಕಾರ

ದಕ್ಷಿಣ ಅಮೇರಿಕದ ಆಂಡೀಸ್ ಬೆಟ್ಟಗಳಲ್ಲಿ, ವೆನೆಜುವೆಲದಿಂದ ಬೊಲಿವಿಯದ ವರೆಗೂ, ಮಂಜು ಕವಿದ ಕಾಡುಗಳುಂಟು. ಕತ್ತಿಕೊಕ್ಕಿನ ಝೇಂಕಾರಹಕ್ಕಿಯು ಅಲ್ಲಿ ವಾಸಿಸುವದು. ನಮ್ಮ ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿಯು ಇದರ ಕುಲದ್ದಲ್ಲ. ಬಾಲವೊಂದನ್ನು ಬಿಟ್ಟರೆ ಇದರ ಕೊಕ್ಕು ಮೈಗಿಂತಲೂ ಉದ್ದ. 8 ಸೆಂಟಿಮೀಟರಿಗೂ ಮಿಕ್ಕಿರುವದು. ಅಂಥ ಕೊಕ್ಕಿಗೆ ಸ್ವಂತ ಗರಿಗಳು ಎಟಕದೆ, ಪಾಪ, ಕಾಲಿನಿಂದಲೇ ಮೈಯನ್ನು ತಿದ್ದಿಕೊಳ್ಳಬೇಕು.

ಅದೇ ಕಾಡಿನ ಪ್ಯಾಶನ್ ಬಳ್ಳಿಯೊಂದರ ಹೂವು ಉದ್ದವಾದ ನಳಿಗೆಯ ಹಾಗಿದೆ. ಮಕರಂದವು ಅದರ ತಳದಲ್ಲಿದೆ. ಹಕ್ಕಿಯು ಕೊಕ್ಕನ್ನು ತೂರಿಸಿ ಕುಡಿಯುವಾಗ ಪರಾಗವು ಅದಕ್ಕಂಟಿ ಬೇರೊಂದು ಹೂವನ್ನು ಸೇರುವದು. ಈ ಹಕ್ಕಿಯಿಲ್ಲದಿದ್ದರೆ ಆ ಬಳ್ಳಿಯು ಕಾಯಿ ಕಟ್ಟುವದು ಬಹು ಕಷ್ಟ. ಆ ಬೆಟ್ಟಗಳಲ್ಲಿ ಗಿಡ್ಡ ಕೊಕ್ಕಿನ ಮತ್ತೊಂದು ಜಾತಿಯ ಹಕ್ಕಿಯೂ ಉಂಟು. ಅದು ಉದ್ದ ಹೂವುಗಳ ಬುಡವನ್ನು ತೂತುಮಾಡಿ, ಪರಾಗವನ್ನು ಮುಟ್ಟದೆ ರಸವನ್ನು ಹೀರಿ ಹೋಗುವದು.

ಹಾಗಾದರೆ ಒಂದನ್ನು ಉಪಕಾರಿಯೆಂದೂ ಇನ್ನೊಂದನ್ನು ಕಳ್ಳನೆಂದೂ ಕರೆಯೋಣವೋ? ಎರಡೂ ಹೂವಿಗೆ ಬಂದದ್ದು ಹಸಿವೆಗಾಗಿಯೇ. ಹೂವಿನ ಹಿತವನ್ನಾಗಲಿ ಹಾನಿಯನ್ನಾಗಲಿ ಅವು ಎಣಿಸಲಿಲ್ಲ. ಆದದರಿಂದ ಹೊಗಳಿಕೆಯೂ ದೂಷಣೆಯೂ ಅವಕ್ಕೆ ಸಲ್ಲವೆಂದು ನಮ್ಮ ಅಭಿಪ್ರಾಯ. ಬಳ್ಳಿಯ ಪಾಲಿಗೆ ಮಾತ್ರ ಈ ಭೇದವು ಸಣ್ಣದಲ್ಲ. ಯಾಕಂದರೆ ಕಾಯಿ ಕಟ್ಟುವದಕ್ಕೆ ಪರಾಗ ಬೇಕೇ ಹೊರತು ತಂದವನ ಒಳ್ಳೇ ಮನಸ್ಸು ಬೇಕಿಲ್ಲ.

ಮನುಷ್ಯರಾದ ನಮ್ಮ ಸಂಗತಿ ಬೇರೆ. ಕೆರೆಯ ನೀರನ್ನು ತೂಬಿನಿಂದ ಬಿಟ್ಟುಕೊಳ್ಳುವವನ ಗದ್ದೆಯೂ ಒಣಗಿದೆ, ಏರಿಯನ್ನು ಅಗೆದು ಹರಿಸಿಕೊಳ್ಳುವವನ ಗದ್ದೆಯೂ ಒಣಗಿದೆ. ಆದರೆ ಏರಿಗೆ ಗುದ್ದಲಿ ಹಾಕುವವನು ಅದರ ಕೆಳಗಿನ ಗದ್ದೆಗಳು ಯಾರ ಯಾರವೆಂದು ಬಲ್ಲನು.